ಮೂರು ಕಡೆ ಕಡಲು: ಕೋಟೆಯೋ, ಬೋನೋ?

ಪ್ರಶ್ನೆ: ಯುರೋಪಿನ ಕಡಲಂಚಿನಲ್ಲಿ ಭೂಶಿರದ ತುದಿಗೇ ಕಟ್ಟಿದ ಹಳೇ ಕೋಟೆಗಳಿವೆ. ನೆಲದ ಕಡೆಯಿಂದ ಶತ್ರು ಬಂದರೆ ಒಳಗಿದ್ದವರು ಬೋನಿಗೆ ಬಿದ್ದ ಇಲಿಯ ಹಾಗೆ ಅಲ್ವಾ?

ಉತ್ತರ: ಅನುಮಾನ ಸರಿಯಾಗಿಯೇ ಇದೆ. ಆದರೆ ಮೊದಲು ಲಾಭ ನೋಡಿ. ಸುತ್ತಲೂ ಗೋಡೆ ಎಬ್ಬಿಸಲು ಎಷ್ಟು ಆಳು ಬೇಕು! ಇಲ್ಲಿ ಮೂರು ಕಡೆ ಆ ಕೆಲಸವನ್ನು ಕಡಿದಾದ ಬಂಡೆಯೇ ಮಾಡಿಕೊಡುತ್ತದೆ. ನೆಲಕ್ಕೆ ಅಂಟಿಕೊಂಡ ಕಿರಿದಾದ ಕುತ್ತಿಗೆಯನ್ನು ಅಡ್ಡಗಟ್ಟಿದರೆ ಆಯಿತು.

ಅದಕ್ಕೆ ಗುದ್ದಲಿ ಕೆಲಸ ಸಾಕು. ಕಂದಕ ತೋಡಿ, ಆ ಮಣ್ಣನ್ನು ಒಳಮಗ್ಗುಲಿಗೇ ಸುರಿಯುವುದು. ಆಳುದ್ದ ತೋಡಿದರೆ, ಗುಂಡಿಯಲ್ಲಿ ನಿಂತವನಿಗೆ ದಿಬ್ಬ ಹೆಚ್ಚುಕಡಿಮೆ ಎರಡಾಳೆತ್ತರ ಕಾಣುತ್ತದೆ. ಕೊಡಗಿನ ಕಡಂಗ, ಅಂದರೆ ಹಳೇ ಕಾಲದ ರಕ್ಷಣಾ ಕಂದಕ-ದಿಬ್ಬ, ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಐರ್ಲೆಂಡಿನ ಕೆರ್ರಿ ಸೀಮೆಯ ಡನ್‌ಬೆಗ್‌ನಲ್ಲಿ ಇಂಥ ಕಂದಕ ಐದು, ದಿಬ್ಬ ನಾಲ್ಕು. ಅವುಗಳ ಹಿಂದೆ ಗಾರೆಯಿಲ್ಲದೆ ಜೋಡಿಸಿದ ದಪ್ಪ ಕಲ್ಲುಗೋಡೆ. ಅಲ್ಲಿ ಸಿಕ್ಕ ಒಂದು ಹಳೇ ಕಂದಕದ ಕಾಲ ಸುಮಾರು ಕ್ರಿ.ಪೂ. 580. ಓಡಿ ಬಂದವನು ಇಳಿಯಬೇಕು, ಹತ್ತಬೇಕು, ಮತ್ತೆ ಇಳಿಯಬೇಕು. ಗೋಡೆ ಮುಟ್ಟುವಷ್ಟರಲ್ಲಿ ಏದುಸಿರು, ಮೇಲಿಂದ ಕಲ್ಲಿನೇಟು ಬೇರೆ. ದನ ಹೊಡೆದುಕೊಂಡು ಹೋಗಲು ಬಂದ ಗುಂಪಿಗೆ ಇಷ್ಟು ಸಾಕು ಅನ್ನಿಸುತ್ತದೆ. ಅಂಥವರು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಕೂರುವವರಲ್ಲ. ಜೊತೆಗೆ, ನಾಲ್ಕು ದಿಬ್ಬದಲ್ಲಿ ಒಂದಿಷ್ಟು ಸುಮ್ನೆ ದೊಡ್ಡಸ್ತಿಕೆಗೂ ಇದ್ದೀತು.

ಸೈನ್ಯವೇ ಬಂದರೆ? ಕ್ರಿ.ಪೂ. 56ರಲ್ಲಿ ಈಗಿನ ಫ್ರಾನ್ಸಿನ ಬ್ರಿಟನಿ ಕರಾವಳಿಯಲ್ಲಿ ವೆನೆಟಿ ಜನರ ಮೇಲೆ ಜೂಲಿಯಸ್ ಸೀಸರ್ ದಂಡೆತ್ತಿ ಹೋದ. ಅವರ ಊರುಗಳೂ ಭೂಶಿರದ ಮೇಲೇ ಇದ್ದವು. ಉಬ್ಬರ ಬಂದರೆ ಕಾಲ್ನಡಿಗೆಗೆ ದಾರಿಯಿಲ್ಲ, ಇಳಿತ ಬಂದರೆ ಹಡಗು ನೆಲ ಕಚ್ಚುತ್ತದೆ ಎಂದು ಅವನೇ ಬರೆದಿದ್ದಾನೆ. ರೋಮನ್ನರು ಒಡ್ಡು ಹಾಕಿ ನೀರು ತಡೆದು, ಕೋಟೆ ಗೋಡೆಯ ಮಟ್ಟಕ್ಕೆ ಏರಿದರು. ಅಷ್ಟರಲ್ಲಿ ವೆನೆಟಿಗಳು ಗಂಟುಮೂಟೆಯನ್ನೆಲ್ಲ ಹಡಗಿಗೆ ಹೇರಿಕೊಂಡು ಮುಂದಿನ ಕೋಟೆಗೆ ಹೊರಟಿದ್ದರು! ಬೇಸಿಗೆಯ ಬಹುಪಾಲು ಇದೇ ಆಟ.

ಅಂದರೆ ಹಡಗು ಇರುವ ತನಕ ಅದು ಬೋನಲ್ಲ, ಹಿತ್ತಲ ಬಾಗಿಲಿದ್ದ ಮನೆ. ಕೊನೆಗೆ ರೋಮನ್ನರೂ ಹಡಗಿನಲ್ಲೇ ಬಂದು, ಉದ್ದನೆಯ ಗಳುವಿಗೆ ಹರಿತವಾದ ಕೊಕ್ಕೆ ಕಟ್ಟಿ, ವೆನೆಟಿ ಹಡಗುಗಳ ಹಾಯಿಯ ಹಗ್ಗಗಳನ್ನೇ ಹರಿದರು. ಉಳಿದ ಹಡಗುಗಳು ತಪ್ಪಿಸಿಕೊಳ್ಳಲು ತಿರುಗಿದವು. ಅದೇ ಹೊತ್ತಿಗೆ ಗಾಳಿಯೂ ನಿಂತುಹೋಯಿತು.

ಕೋಟೆಗಳು ಇದ್ದಲ್ಲೇ ಇದ್ದವು. ವೆನೆಟಿಗಳು ಶರಣಾದರು.