ಕಾಗದದ ಹಿಂದೆ ಕ್ಯಾಮೆರಾ: ‘ದಿ ಮಿಸ್ಟರಿ ಆಫ್ ಪಿಕಾಸೊ’ ನೋಡುವವರಿಗೆ

ಕಲಾವಿದನ ಸಾಕ್ಷ್ಯಚಿತ್ರ ತೆಗೆಯುವವರಿಗೆ ಮೊದಲ ತೊಡಕು ಅವನ ಬೆನ್ನು. ಹಿಂದಿನಿಂದ ತೆಗೆದರೆ ಭುಜ, ಕೈ ಅಡ್ಡ ಬರುತ್ತವೆ. ಪಕ್ಕದಿಂದ ತೆಗೆದರೆ ಚಿತ್ರ ಓರೆಯಾಗುತ್ತದೆ. ವರ್ಣಚಿತ್ರಕಾರ ಪಿಕಾಸೊ ಚಿತ್ರ ಬಿಡಿಸುವುದನ್ನೇ ತೋರಿಸುವ ‘ದಿ ಮಿಸ್ಟರಿ ಆಫ್ ಪಿಕಾಸೊ’ ಸಾಕ್ಷ್ಯಚಿತ್ರಕ್ಕಾಗಿ 1955ರಲ್ಲಿ ಫ್ರಾನ್ಸಿನ ನೀಸ್‌ನಲ್ಲಿ ಚಿತ್ರೀಕರಣ ನಡೆಸಿದ ನಿರ್ದೇಶಕ ಕ್ಲೂಜೊ ಕ್ಯಾಮೆರಾವನ್ನೇ ಚಿತ್ರದ ಹಿಂಬದಿಗೆ ಒಯ್ದ. ಛಾಯಾಗ್ರಾಹಕ ಕ್ಲೋಡ್ ರೆನ್ವಾರ್, ವರ್ಣಚಿತ್ರಕಾರ ರೆನ್ವಾರ್‌ನ ಮೊಮ್ಮಗ.

ಚೌಕಟ್ಟಿಗೆ ಬಿಗಿದ ತೆಳು ಕಾಗದ. ಅದರ ಮೇಲೆ ಆಚೆ ಬದಿಗೂ ಇಳಿಯುವ ಶಾಯಿ. ಪಿಕಾಸೊ ಈಚೆ ಗೆರೆ ಎಳೆದರೆ ಆಚೆ ಅದು ತಾನಾಗಿ ಮೂಡುತ್ತದೆ, ಕೈಯೂ ಕಾಣದು, ಕುಂಚವೂ ಕಾಣದು. ನೀವೇ ಮಾಡಿ ನೋಡುವುದಾದರೆ ಎರಡು ಎಚ್ಚರಿಕೆ: ಶಾಯಿ ತೀರಾ ನೀರಾದರೆ ಗೆರೆಯ ಅಂಚು ಒಡೆದು ಹರಡುತ್ತದೆ, ಕಾಗದ ಉಬ್ಬುತ್ತದೆ, ಗಟ್ಟಿಯಾದರೆ ಆಚೆಗೆ ಇಳಿಯುವುದೇ ಇಲ್ಲ. ಹಿಂಬದಿಯಿಂದ ಕಾಣುವುದು ಎಡ-ಬಲ ತಿರುವುಮುರುವಾದ ಚಿತ್ರ, ಸಂಕಲನದಲ್ಲಿ ಅದನ್ನು ಮತ್ತೆ ತಿರುಗಿಸಬೇಕು.

ತೈಲವರ್ಣಕ್ಕೆ ಈ ಉಪಾಯ ನಡೆಯದು, ಬಣ್ಣ ಕ್ಯಾನ್ವಾಸ್ ದಾಟುವುದಿಲ್ಲ. ಅಲ್ಲಿ ಒಂದಷ್ಟು ಬಳಿದು ಕಲಾವಿದ ಪಕ್ಕಕ್ಕೆ ಸರಿಯಬೇಕು, ಕೆಲವು ಫ್ರೇಮ್ ತೆಗೆಯಬೇಕು, ಮತ್ತೆ ಬಳಿಯಬೇಕು. ನಡುವೆ ಟ್ರೈಪಾಡ್ ಕೂದಲೆಳೆಯಷ್ಟು ಅಲುಗಿದರೂ ಪರದೆಯಲ್ಲಿ ಚಿತ್ರ ಜಿಗಿಯುತ್ತದೆ. ಕಿಟಕಿ ಬೆಳಕು ನಂಬಿದರೆ ಬಣ್ಣ ಗಂಟೆಗೊಮ್ಮೆ ಬದಲಾಗುತ್ತದೆ.

ಈ ಸಿನಿಮಾದ ಜೀವ ಇರುವುದು ಕಾಲದ ಆಟದಲ್ಲಿ. ಫಿಲ್ಮ್ ಐದೇ ನಿಮಿಷಕ್ಕೆ ಉಳಿದಿದೆ ಎಂದಾಗ ಪಿಕಾಸೊ ಹೂಗೊಂಚಲು ಬಿಡಿಸುತ್ತಾನೆ. ಅದು ಮೀನಾಗುತ್ತದೆ, ಮೀನು ಕೋಳಿಯಾಗುತ್ತದೆ, ಕೊನೆಗೆ ಕೋಳಿಯೊಳಗಿಂದ ಒಂದು ಮುಖ ಏಳುತ್ತದೆ. ಇದು ನಿಜವಾದ ಓಟ. ತೈಲವರ್ಣದ ಭಾಗಗಳು ಹಾಗಲ್ಲ: ಹತ್ತು ನಿಮಿಷದಲ್ಲಿ ಮುಗಿದಂತೆ ಕಂಡದ್ದಕ್ಕೆ ಐದು ಗಂಟೆ ಹಿಡಿದಿತ್ತೆಂದು ಚಿತ್ರದಲ್ಲೇ ಮಾತು ಬರುತ್ತದೆ. ಕಡಲತೀರದ ದೊಡ್ಡ ಚಿತ್ರವನ್ನಂತೂ ತಪ್ಪದೆ ನೋಡಿ. ಮೇಲಿಂದ ಮೇಲೆ ತಿದ್ದಿ, ಕೆಟ್ಟಿತೆಂದು ಒಪ್ಪಿಕೊಂಡು, ಹೊಸ ಕ್ಯಾನ್ವಾಸಿನಲ್ಲಿ ಮೊದಲಿಂದ ಶುರು ಮಾಡುತ್ತಾನೆ. ಕಲಿಯುವವರಿಗೆ ಇಡೀ ಸಿನಿಮಾದಲ್ಲಿ ಇದಕ್ಕಿಂತ ದೊಡ್ಡ ಪಾಠವಿಲ್ಲ.

ಇದರ ಜೊತೆಗೆ ಸತ್ಯಜಿತ್ ರೇ 1972ರಲ್ಲಿ ತೆಗೆದ ‘ದಿ ಇನ್ನರ್ ಐ’ ಸಾಕ್ಷ್ಯಚಿತ್ರವನ್ನು ಇಟ್ಟು ನೋಡಿ. ಅದು ಶಾಂತಿನಿಕೇತನದಲ್ಲಿ ರೇ ಅವರ ಗುರುವಾಗಿದ್ದ ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿ ಅವರ ಕುರಿತದ್ದು. ಅವರು ಕಣ್ಣಿನ ಶಸ್ತ್ರಚಿಕಿತ್ಸೆಯ ನಂತರ ದೃಷ್ಟಿ ಪೂರ್ತಿ ಕಳೆದುಕೊಂಡವರು. ಅಲ್ಲಿ ಕೈಯನ್ನು ಮರೆಮಾಡುವಂತೆಯೇ ಇಲ್ಲ. ನೋಡಬೇಕಾದದ್ದೇ ತಡವಿ ತಡವಿ ರೂಪ ಕಟ್ಟುವ ಆ ಬೆರಳುಗಳನ್ನು.