ವಿಮಾನ ಬಂದು ಮೂವತ್ತು ವರ್ಷ ಕಳೆದ್ಮೇಲೆ ಹೆಲಿಕಾಪ್ಟರ್ ಯಾಕೆ ಬಂತು?

ಎಲೆಕ್ಷನ್ ಟೈಮಲ್ಲಿ ತಾಲ್ಲೂಕು ಕೇಂದ್ರದಲ್ಲಿ ಇದ್ದೋರಿಗೆಲ್ಲ ಈ ಸೀನು ಗೊತ್ತೇ ಇರುತ್ತೆ. ಹಿಂದಿನ ದಿನ ಸಾಯಂಕಾಲವೇ ಹೈಸ್ಕೂಲ್ ಗ್ರೌಂಡಲ್ಲಿ ಸುಣ್ಣದ ಪುಡಿಯಿಂದ ದೊಡ್ಡ ರೌಂಡು, ಒಳಗೊಂದು ಎಚ್ ಅಕ್ಷರ. ಬೆಳಿಗ್ಗೆ ಟ್ಯಾಂಕರ್ ಬಂದು ಗ್ರೌಂಡಿಗೆಲ್ಲ ನೀರು ಹೊಡೆದು ಹೋಗುತ್ತೆ, ಹನ್ನೊಂದು ಗಂಟೆಗೆ ಬರಬೇಕಾದ ಲೀಡರ್ರು ಎರಡೂವರೆಗೆ ಬರ್ತಾರೆ, ಅಲ್ಲೀವರೆಗೂ ಜನ ಬಿಸಿಲಲ್ಲಿ ಕಾಯ್ತಾ ಇರ್ತಾರೆ, ಅದರಲ್ಲಿ ಅರ್ಧ ಜನ ಭಾಷಣಕ್ಕಲ್ಲ ಹೆಲಿಕಾಪ್ಟರ್ ನೋಡೋಕೆ ಬಂದಿರೋರು. ಕಳೆದ ಸಲ ನಾನೂ ಆ ಅರ್ಧದಲ್ಲೇ ಇದ್ದೆ. ಅಷ್ಟು ನೀರು ಹೊಡೆದಿದ್ರೂ ಇಳಿಯೋ ಹೊತ್ತಿಗೆ ಧೂಳೆದ್ದು, ಯಾರದೋ ಟವಲ್ ಹಾರಿ, ಶಾಮಿಯಾನದ ಒಂದು ಗೂಟ ಕಿತ್ತು ಬಂತು. ಪಕ್ಕದಲ್ಲಿದ್ದ ಒಬ್ಬ ಅಜ್ಜ ಕಣ್ಣುಜ್ಜಿಕೊಳ್ತಾ ಹೇಳಿದ್ರು, "ಇದೂ ಇಮಾನಾನೇ ಕಣಪ್ಪಾ, ರೆಕ್ಕೆ ತಲೆ ಮ್ಯಾಲೈತೆ ಅಷ್ಟೆ."

ಅಜ್ಜ ಹೇಳಿದ್ದು ನೂರಕ್ಕೆ ನೂರು ಸರಿ. ನಾವು ಫ್ಯಾನು ಅಂದ್ಕೊಳ್ಳೋ ಆ ಬ್ಲೇಡು ನಿಜಕ್ಕೂ ರೆಕ್ಕೆನೇ, ಅಡ್ಡ ಕೊಯ್ದು ನೋಡಿದ್ರೆ ವಿಮಾನದ ರೆಕ್ಕೆ ಥರಾನೇ ಮುಂದೆ ಉಬ್ಬಿಕೊಂಡು ಹಿಂದೆ ಚೂಪಾಗಿರುತ್ತೆ. ಯಾವ ರೆಕ್ಕೆ ಆದ್ರೂ ಅದರ ಮೇಲೆ ಗಾಳಿ ಜೋರಾಗಿ ಹರಿದ್ರೆ ಮಾತ್ರ ಎತ್ತೋದು. ವಿಮಾನದಲ್ಲಿ ರೆಕ್ಕೆ ಬಾಡಿಗೆ ಅಂಟಿಕೊಂಡಿರೋದ್ರಿಂದ ರೆಕ್ಕೆಗೆ ಗಾಳಿ ಬೇಕು ಅಂದ್ರೆ ಇಡೀ ವಿಮಾನವೇ ಓಡಬೇಕು, ಅದಕ್ಕೇ ಕಿಲೋಮೀಟರುಗಟ್ಟಲೆ ರನ್‌ವೇ. ಹೆಲಿಕಾಪ್ಟರಲ್ಲಿ ಬಾಡಿ ನಿಂತಲ್ಲೇ ನಿಂತಿರುತ್ತೆ, ರೆಕ್ಕೆ ಮಾತ್ರ ಸುತ್ತುತ್ತೆ. ಟನ್ನುಗಟ್ಟಲೆ ತೂಕ ಗಾಳೀಲಿ ನಿಲ್ಲಬೇಕು ಅಂದ್ರೆ ಅಷ್ಟು ಗಾಳೀನ ಕೆಳಕ್ಕೆ ತಳ್ಳಲೇಬೇಕು, ಟ್ಯಾಂಕರ್ ನೀರು ಅದಕ್ಕೇ. ಧೂಳೆದ್ರೆ ಪೈಲಟ್‌ಗೆ ನೆಲವೇ ಕಾಣಲ್ಲ.

ಸರಿ, ಇಷ್ಟೇ ವ್ಯತ್ಯಾಸ ಅಂದ್ರೆ ಎರಡೂ ಒಟ್ಟೊಟ್ಟಿಗೇ ಬರಬೇಕಿತ್ತಲ್ಲ? ರೈಟ್ ಬ್ರದರ್ಸ್ ಹಾರಿದ್ದು 1903ರ ಡಿಸೆಂಬರ್ 17ಕ್ಕೆ, ನೆಟ್ಟಗೆ ಹಾರೋ ಹೆಲಿಕಾಪ್ಟರ್ ಬಂದಿದ್ದು 1936ರಲ್ಲಿ. ಇಂಜಿನ್‌ಗೆ ಪವರ್ ಸಾಲ್ತಿರಲಿಲ್ಲ ಅನ್ನೋದು ಎಲ್ಲರೂ ಹೇಳೋ ಉತ್ತರ. ಅದು ಸ್ವಲ್ಪ ನಿಜ, ಆದ್ರೆ ನನ್ನ ಪ್ರಕಾರ ಅಸಲಿ ಕಥೆ ಬೇರೆ. ಮೇಲಕ್ಕೆ ಎತ್ತೋದು ಬೇಗನೇ ಬಂತು, ಎತ್ತಿದ್ಮೇಲೆ ಹೇಳಿದ ಮಾತು ಕೇಳೋ ಹಾಗೆ ಮಾಡೋದು ಬರಲಿಲ್ಲ.

ರೈಟ್ ಬ್ರದರ್ಸ್ ಗೆದ್ದಿದ್ದೂ ಕಂಟ್ರೋಲಿಂದಲೇ. ವಿಲ್ಬರ್ ರೈಟ್ ಸೈಕಲ್ ಅಂಗಡೀಲಿ ಟ್ಯೂಬಿನ ಖಾಲಿ ರಟ್ಟಿನ ಡಬ್ಬಿ ಹಿಡ್ಕೊಂಡು ಅದರ ಎರಡು ತುದೀನ ಉಲ್ಟಾ ಉಲ್ಟಾ ತಿರುಚ್ತಾ ಇದ್ದಾಗ, ರೆಕ್ಕೇನೂ ಹೀಗೇ ತಿರುಚಿದ್ರೆ ವಿಮಾನ ಪಕ್ಕಕ್ಕೆ ವಾಲುತ್ತಲ್ಲಾ ಅಂತ ಹೊಳೀತಂತೆ. ಮೊದಲ ಹಾರಾಟ 12 ಸೆಕೆಂಡು, 120 ಅಡಿ. ಆದ್ರೆ ಅದು ಕೈಗೆ ಸಿಕ್ಕಿದ್ದ 12 ಸೆಕೆಂಡು.

1907ರಲ್ಲಿ ಫ್ರಾನ್ಸಿನ ಬ್ರೆಗೆ ಅನ್ನೋ ಅಣ್ಣತಮ್ಮಂದಿರು ಪ್ರೊಫೆಸರ್ ರಿಶೆ ಜೊತೆ ಸೇರಿ ಒಂದು ಯಂತ್ರ ಮಾಡಿದ್ರು. ನಾಲ್ಕು ಮೂಲೇಲಿ ನಾಲ್ಕು ರೋಟರ್, ಅಂದ್ರೆ ಸುತ್ತೋ ರೆಕ್ಕೆಗಳ ಸೆಟ್ಟು, ಮಧ್ಯೆ ಇಂಜಿನು, ಒಬ್ಬ ಮನುಷ್ಯ. ಅದು ಮನುಷ್ಯನ್ನ ಹೊತ್ತುಕೊಂಡು ಎರಡಡಿ ಮೇಲೂ ಎದ್ದಿತು. ಆದ್ರೆ ಅದು ಅಡ್ಡಾದಿಡ್ಡಿ ಹೋಗದ ಹಾಗೆ ನಾಲ್ಕು ಮೂಲೆಗೂ ನಾಲ್ಕು ಜನ ನಿಂತು ಕೈಯಲ್ಲಿ ಹಿಡ್ಕೊಂಡಿದ್ರು, ಉತ್ಸವದ ಪಲ್ಲಕ್ಕಿ ಥರ. ಅದೇ ವರ್ಷ ನವೆಂಬರಲ್ಲಿ ಪಾಲ್ ಕಾರ್ನು ಅನ್ನೋ ಇನ್ನೊಬ್ಬ ಫ್ರೆಂಚ್ ಮನುಷ್ಯ ಯಾರೂ ಹಿಡಿಯದೇ ಅಡಿಯಷ್ಟು ಎದ್ದ ಅಂತ ದಾಖಲೆ ಇದೆ, ಆಮೇಲೆ ಲೆಕ್ಕ ಹಾಕಿದ ಇಂಜಿನಿಯರುಗಳು ಅದನ್ನ ನಂಬಿಲ್ಲ. ಕೀವ್ ಊರಲ್ಲಿ ಇಗೋರ್ ಸಿಕೋರ್ಸ್ಕಿ ಅನ್ನೋ ಹುಡುಗ 1909-10ರಲ್ಲಿ ಎರಡು ಹೆಲಿಕಾಪ್ಟರ್ ಮಾಡಿ ಎರಡೂ ಕೆಲಸಕ್ಕೆ ಬಾರದೇ, ಇದು ಸದ್ಯಕ್ಕೆ ಆಗೋ ಮಾತಲ್ಲ ಅಂತ ಬಿಟ್ಟು ವಿಮಾನ ಮಾಡೋಕೆ ಹೋದ, 1913ಕ್ಕೆಲ್ಲ ನಾಲ್ಕು ಇಂಜಿನ್ನಿನ ದೊಡ್ಡ ವಿಮಾನ ಹಾರಿಸಿದ. ಒಂದೇ ತಲೆ, ಒಂದೇ ಕಾಲ. ವಿಮಾನ ಬಂತು, ಹೆಲಿಕಾಪ್ಟರ್ ಬರಲಿಲ್ಲ.

ತೊಂದರೆ ಎಲ್ಲಿತ್ತು ಅಂದ್ರೆ, ಮೊದಲನೇದು ಗೋಡೆಗೆ ಡ್ರಿಲ್ಲಿಂಗ್ ಮಷಿನ್ ಹಿಡಿದೋರಿಗೆ ಗೊತ್ತಿರೋದೇ: ಡ್ರಿಲ್ ಬಿಟ್ ಒಳಗೆ ಸಿಕ್ಕಾಕಿಕೊಂಡ್ರೆ ಮಷಿನ್ನೇ ತಿರುಗಿ ಮಣಿಕಟ್ಟು ಉಳುಕುತ್ತೆ. ಅದೇ ಥರ ರೋಟರ್ ಒಂದು ಕಡೆ ತಿರುಗಿದ್ರೆ ಬಾಡಿ ಇನ್ನೊಂದು ಕಡೆ ತಿರುಗೋಕೆ ನೋಡುತ್ತೆ, ಹಿಡಿಯೋಕೆ ಗಾಳೀಲಿ ಗೋಡೆ ಎಲ್ಲಿದೆ? ಬಾಲದ ತುದೀಲಿರೋ ಚಿಕ್ಕ ಫ್ಯಾನು ಮಾಡೋದು ಆ ಕೆಲಸವನ್ನೇ. ಬಾಲ ಬೇಡ ಅಂದ್ರೆ ಎರಡು ರೋಟರ್ ಇಟ್ಟು ಉಲ್ಟಾ ಉಲ್ಟಾ ತಿರುಗಿಸಬೇಕು, ನಮ್ಮ ನೇವಿಯ ಕಾಮೋವ್ ಹೆಲಿಕಾಪ್ಟರುಗಳಲ್ಲಿ ಒಂದರ ಮೇಲೊಂದು ಇವೆ, ಏರ್‌ಫೋರ್ಸಿನ ಚಿನೂಕಲ್ಲಿ ಹಿಂದೊಂದು ಮುಂದೊಂದು.

ಎರಡನೇದು ಇನ್ನೂ ಕಿತಾಪತಿ. ಹೆಲಿಕಾಪ್ಟರ್ ಮುಂದಕ್ಕೆ ಹೊರಟ ತಕ್ಷಣ ಒಂದು ಪಕ್ಕದ ಬ್ಲೇಡು ಗಾಳಿಗೆ ಎದುರು ಹೋಗ್ತಿರುತ್ತೆ, ಇನ್ನೊಂದು ಪಕ್ಕದ್ದು ಗಾಳಿ ಜೊತೆ ಹಿಂದಕ್ಕೆ ಬರ್ತಿರುತ್ತೆ. ಬ್ಲೇಡಿನ ತುದಿ ಗಂಟೆಗೆ 750 ಕಿಲೋಮೀಟರಲ್ಲಿ ಸುತ್ತುತ್ತಿದೆ, ಹೆಲಿಕಾಪ್ಟರ್ 250ರಲ್ಲಿ ಹೋಗ್ತಿದೆ ಅಂದ್ಕೊಳ್ಳಿ, ಒಂದು ಕಡೆ ಬ್ಲೇಡಿನ ತುದಿಗೆ 1000ದ ಗಾಳಿ, ಇನ್ನೊಂದು ಕಡೆ ಬರೀ 500ರದ್ದು. ಒಂದು ಪಕ್ಕ ಜಾಸ್ತಿ ಎತ್ತಿದ್ರೆ ಮಗುಚಿಕೊಳ್ಳದೇ ಇನ್ನೇನಾಗುತ್ತೆ.

ಇದನ್ನ ಬಿಡಿಸಿದ್ದು ಸ್ಪೇನಿನ ಹ್ವಾನ್ ಡೆ ಲಾ ಸಿಯೆರ್ವ, ಅವನು ಹೆಲಿಕಾಪ್ಟರ್ ಮಾಡೋಕೆ ಹೊರಟೋನೂ ಅಲ್ಲ. 1919ರಲ್ಲಿ ಅವನು ಡಿಸೈನ್ ಮಾಡಿದ ವಿಮಾನವೊಂದು ಸ್ಪೀಡು ಕಮ್ಮಿ ಆಗಿ, ರೆಕ್ಕೆ ಹಿಡಿತ ತಪ್ಪಿ ಬಿದ್ದಿತ್ತು. ಸ್ಪೀಡು ಎಷ್ಟೇ ಕಮ್ಮಿ ಆದ್ರೂ ಬೀಳದ ವಿಮಾನ ಮಾಡ್ತೀನಿ ಅಂತ ಅವನು ತಲೆ ಮೇಲೆ ಸುತ್ತೋ ರೆಕ್ಕೆ ಇಟ್ಟ, ಅದಕ್ಕೆ ಇಂಜಿನ್ ಪವರ್ ಕೊಡಲಿಲ್ಲ, ಮುಂದೆ ಹೋಗೋ ಗಾಳಿಗೇ ಅದು ಸುತ್ತುತ್ತೆ. ಹೆಸರು ಆಟೋಜೈರೋ. ಮಾಡಿದ ದೊಡ್ಡ ಯಂತ್ರಗಳೆಲ್ಲ ಪಕ್ಕಕ್ಕೆ ಮಗುಚಿಕೊಂಡ್ವು, ಆದ್ರೆ ಮನೇಲಿ ಮಾಡಿದ್ದ ಚಿಕ್ಕ ಮಾಡೆಲ್ ಮಾತ್ರ ಚೆನ್ನಾಗಿ ಹಾರ್ತಿತ್ತು. ಯಾಕೆ? ಮಾಡೆಲ್ಲಿನ ಬ್ಲೇಡಿಗೆ ಬೆತ್ತ ಹಾಕಿದ್ದ, ಬೆತ್ತ ಬಳುಕುತ್ತೆ! ಗಾಳಿ ಜಾಸ್ತಿ ಸಿಕ್ಕ ಕಡೆ ಬ್ಲೇಡು ಮೇಲಕ್ಕೆ ಬಳುಕಿ ತನ್ನ ಪಾಡಿಗೆ ಎತ್ತೋದನ್ನ ಕಮ್ಮಿ ಮಾಡಿಕೊಳ್ತಿತ್ತು. ದೊಡ್ಡದರಲ್ಲಿ ಬ್ಲೇಡಿನ ಬುಡಕ್ಕೆ ಬಾಗಿಲಿಗೆ ಹಾಕ್ತೀವಲ್ಲ ಆ ಥರ ಕೀಲು ಹಾಕಿದ, 1923ರ ಜನವರಿಯಲ್ಲಿ ಹಾರೇಬಿಡ್ತು. ಇವತ್ತಿಗೂ ರೋಟರ್ ಬ್ಲೇಡುಗಳು ಕೀಲಿಂದಲೋ, ಬಳುಕೋ ಮೆಟೀರಿಯಲ್ಲಿಂದಲೋ ಹಾಗೇ ಮೇಲೆ ಕೆಳಗೆ ಆಡ್ತಾ ಇರುತ್ವೆ. ಪಾಪ ಸಿಯೆರ್ವ ಸತ್ತಿದ್ದು 1936ರ ಡಿಸೆಂಬರಲ್ಲಿ, ಲಂಡನ್ ಹತ್ರ ಕ್ರಾಯ್ಡನ್ ಏರ್‌ಪೋರ್ಟಲ್ಲಿ ಮಂಜಲ್ಲಿ ಟೇಕಾಫ್ ಆಗ್ತಿದ್ದ ವಿಮಾನ ಅಪಘಾತದಲ್ಲಿ. ಮಾಮೂಲಿ ರೆಕ್ಕೆಯ ವಿಮಾನ ಅದು.

ಅದೇ 1936ರ ಜೂನಲ್ಲಿ ಜರ್ಮನಿಯ ಬ್ರೆಮೆನ್ ಊರಲ್ಲಿ ಹೆನ್ರಿಕ್ ಫೋಕೆಯ ಎಫ್‌ಡಬ್ಲ್ಯೂ 61 ಹಾರಿತ್ತು. ಬಾಡಿ ಬೇರೆ ಏನಲ್ಲ, ಫೋಕೆ-ವುಲ್ಫ್ ಕಂಪನಿಯ ಟ್ರೇನಿಂಗ್ ವಿಮಾನದ್ದೇ. ರೆಕ್ಕೆ ಇರೋ ಜಾಗದಲ್ಲಿ ಎರಡು ಕಡೆ ಕಂಬಿ ಕಟ್ಟಿ ಎರಡು ರೋಟರ್ ಕೂರಿಸಿದ್ದ. ಮೂತೀಲಿದ್ದ ಪುಟಾಣಿ ಫ್ಯಾನು ಇಂಜಿನ್ ತಣ್ಣಗಾಗೋಕೆ ಅಷ್ಟೇ. 1938ರ ಫೆಬ್ರವರಿಯಲ್ಲಿ ಹಾನಾ ರೈಟ್ಶ್ ಅನ್ನೋ ಮಹಿಳಾ ಪೈಲಟ್ ಇದನ್ನ ಬರ್ಲಿನ್‌ನ ಒಂದು ಒಳಾಂಗಣ ಸ್ಟೇಡಿಯಂನ ಒಳಗೆ, ಸೂರಿನ ಕೆಳಗೆ, ಜನರ ಮುಂದೆ ಹಾರಿಸಿ ತೋರಿಸಿದ್ಲು. ಮೂವತ್ತು ವರ್ಷದ ಹಿಂದೆ ನಾಲ್ಕು ಜನ ಹಿಡ್ಕೋಬೇಕಿತ್ತು, ನೆನಪಿರಲಿ.

ನಮ್ಮೂರಿನ ಸಂಬಂಧ ಬರೋದು ಇಲ್ಲಿ. ಆ ಟ್ರೇನಿಂಗ್ ವಿಮಾನ ಡಿಸೈನ್ ಮಾಡಿದ್ದು ಕುರ್ಟ್ ಟ್ಯಾಂಕ್, ಅದೇ ಕಂಪನಿಯವನು. ಫೋಕೆ ಆ ಕಂಪನಿ ಬಿಟ್ಟು ಹೆಲಿಕಾಪ್ಟರ್ ದಾರಿ ಹಿಡಿದ, ಟ್ಯಾಂಕ್ ವಿಮಾನದಲ್ಲೇ ಉಳ್ಕೊಂಡ, ಯುದ್ಧ ಎಲ್ಲ ಮುಗಿದ ಮೇಲೆ 1956ರಲ್ಲಿ ಬೆಂಗಳೂರಿಗೆ ಬಂದು ಎಚ್‌ಎಎಲ್‌ನಲ್ಲಿ ಮಾರುತ್ ಅನ್ನೋ ಜೆಟ್ ಫೈಟರ್ ಡಿಸೈನ್ ಮಾಡಿದ. ಅದು ಮೊದಲು ಹಾರಿದ್ದು 1961ರ ಜೂನ್ 17ಕ್ಕೆ.

ಸಿಕೋರ್ಸ್ಕಿ ಅಷ್ಟರಲ್ಲಿ ಅಮೆರಿಕ ಸೇರಿಕೊಂಡಿದ್ದ, ಐವತ್ತು ವರ್ಷ ವಯಸ್ಸು. 1939ರ ಸೆಪ್ಟೆಂಬರಲ್ಲಿ ಹ್ಯಾಟ್ ಹಾಕ್ಕೊಂಡು ತಾನೇ ಕೂತು ವಿಎಸ್-300 ಎತ್ತಿದ, ಹಾರಿಹೋಗದಿರಲಿ ಅಂತ ನೆಲಕ್ಕೆ ಕಟ್ಟಿದ್ರು. ಮೇಲೊಂದು ರೋಟರ್, ಬಾಲಕ್ಕೊಂದು ಫ್ಯಾನು, ಇವತ್ತು ನಾವು ನೋಡೋ ಹೆಲಿಕಾಪ್ಟರ್ ರೂಪ ಅಲ್ಲಿಂದಲೇ. ತಮಾಷೆ ಅಂದ್ರೆ ಮೊದಮೊದಲು ಅದು ಹಿಂದಕ್ಕೆ ಚೆನ್ನಾಗಿ ಹೋಗ್ತಿತ್ತು, ಪಕ್ಕಕ್ಕೂ ಹೋಗ್ತಿತ್ತು, ಮುಂದಕ್ಕೆ ಹೋಗೋದೇ ಒದ್ದಾಟ. ಬಾಲಕ್ಕೆ ಇನ್ನೆರಡು ಫ್ಯಾನು ಹಾಕಿ ನೋಡಿದ್ರು, ತೆಗೆದ್ರು. ಕೊನೆಗೆ ಕಂಟ್ರೋಲನ್ನ ಮೇಲಿನ ರೋಟರ್‌ಗೇ ಕೊಟ್ಟಾಗ ದಾರಿಗೆ ಬಂತು.

ಆ ಕಂಟ್ರೋಲ್ ಹೇಗೆ ಅಂತ ಸ್ವಲ್ಪ ನಿಧಾನಕ್ಕೆ ನೋಡೋಣ, ವಿಮಾನಕ್ಕೂ ಹೆಲಿಕಾಪ್ಟರಿಗೂ ಬೇರೆತನ ಕಾಣೋದೇ ಇಲ್ಲಿ. ವಿಮಾನದಲ್ಲಿ ಕೆಲಸ ಹಂಚಿಬಿಟ್ಟಿದ್ದಾರೆ: ಎತ್ತೋದು ರೆಕ್ಕೆ, ತಳ್ಳೋದು ಇಂಜಿನು, ಪಕ್ಕಕ್ಕೆ ವಾಲಿಸೋದು ರೆಕ್ಕೆ ಅಂಚಿನ ಪಟ್ಟಿ, ಮೂತಿ ಮೇಲೆ ಕೆಳಗೆ ಮಾಡೋದು ಬಾಲದ ಪಟ್ಟಿ. ಒಂದು ಸಲ ಸರಿಯಾಗಿ ಸೆಟ್ ಮಾಡಿ ಕೈ ಬಿಟ್ರೆ ಒಳ್ಳೆ ವಿಮಾನ ನೆಟ್ಟಗೆ ಹೋಗ್ತಾ ಇರುತ್ತೆ. ಹೆಲಿಕಾಪ್ಟರಲ್ಲಿ ಹೆಚ್ಚುಕಮ್ಮಿ ಎಲ್ಲಾನೂ ಆ ಒಂದು ರೋಟರೇ ಮಾಡಬೇಕು. ಪೈಲಟ್ಟಿನ ಎಡಗೈ ಪಕ್ಕ ಕಾರಿನ ಹ್ಯಾಂಡ್‌ಬ್ರೇಕ್ ಥರ ಒಂದು ಲಿವರ್ ಇರುತ್ತೆ, ಕಲೆಕ್ಟಿವ್ ಅಂತಾರೆ, ಎತ್ತಿದ್ರೆ ಎಲ್ಲಾ ಬ್ಲೇಡೂ ಒಟ್ಟಿಗೆ ಜಾಸ್ತಿ ಓರೆಯಾಗಿ ಹೆಲಿಕಾಪ್ಟರ್ ಮೇಲೇಳುತ್ತೆ. ಬಲಗೈಲಿ ಸೈಕ್ಲಿಕ್ ಅನ್ನೋ ಕೋಲು. ಅದನ್ನ ಮುಂದಕ್ಕೆ ತಳ್ಳಿದ್ರೆ ಪ್ರತಿ ಬ್ಲೇಡೂ ಒಂದು ಸುತ್ತಿನಲ್ಲಿ ಒಂದು ಜಾಗದಲ್ಲಿ ಜಾಸ್ತಿ ಓರೆ, ಎದುರು ಜಾಗದಲ್ಲಿ ಕಮ್ಮಿ ಓರೆ ಆಗ್ತಾ ಹೋಗುತ್ತೆ, ರೋಟರ್ ಮುಂದಕ್ಕೆ ವಾಲುತ್ತೆ. ಸುತ್ತೋ ಬ್ಲೇಡು ಬೇರೆ ಬುಗುರಿ ಥರ, ಇಲ್ಲಿ ಒತ್ತಿದ್ರೆ ಕಾಲು ಸುತ್ತು ಮುಂದೆ ಹೋದ್ಮೇಲೆ ವಾಲುತ್ತೆ, ಅದನ್ನೂ ಲೆಕ್ಕ ಹಾಕಿಯೇ ಜೋಡಿಸಿರ್ತಾರೆ. ಕಾಲಲ್ಲಿ ಎರಡು ಪೆಡಲ್, ಬಾಲದ ಫ್ಯಾನಿಗೆ.

ಈಗ ಗಾಳೀಲಿ ಒಂದೇ ಕಡೆ ನಿಲ್ಲಬೇಕು ಅಂದ್ಕೊಳ್ಳಿ. ಎಡಗೈ ಸ್ವಲ್ಪ ಎತ್ತಿದ್ರೆ ರೋಟರ್ ಭಾರ ಜಾಸ್ತಿ ಆಗಿ ಬಾಡಿ ತಿರುಗುತ್ತೆ, ಅದಕ್ಕೆ ಪೆಡಲ್ ಒತ್ತಬೇಕು, ಒತ್ತಿದ್ರೆ ಬಾಲದ ಫ್ಯಾನು ಇಡೀ ಹೆಲಿಕಾಪ್ಟರನ್ನ ಪಕ್ಕಕ್ಕೆ ಎಳೆಯುತ್ತೆ, ಅದಕ್ಕೆ ಬಲಗೈ ಕೋಲು ವಾಲಿಸಬೇಕು, ವಾಲಿಸಿದ್ರೆ ಎತ್ತೋದು ಸ್ವಲ್ಪ ಕಮ್ಮಿ ಆಗುತ್ತೆ, ಮತ್ತೆ ಎಡಗೈ. ವಿಮಾನದ ಕ್ಯಾಪ್ಟನ್ ಎಡಗಡೆ ಸೀಟಲ್ಲಿ ಕೂತ್ರೆ ಹೆಲಿಕಾಪ್ಟರ್ ಪೈಲಟ್ ಸಾಮಾನ್ಯವಾಗಿ ಬಲಗಡೆ ಕೂರ್ತಾರೆ, ಬಲಗೈ ಆ ಕೋಲು ಬಿಡೋ ಹಾಗಿಲ್ಲ, ಮಧ್ಯದ ಸ್ವಿಚ್ಚೆಲ್ಲ ಎಡಗೈಯಲ್ಲೇ ಒತ್ತಬೇಕು ಅನ್ನೋದು ಅದಕ್ಕೆ ಕೊಡೋ ಕಾರಣ. ಆಟೋಪೈಲಟ್ ಬಂದ್ಮೇಲೆ ಸುಲಭ ಆಗಿದೆ ಅನ್ನಿ.

ಸ್ಪೀಡಿನ ವಿಷಯಕ್ಕೆ ಬಂದ್ರೆ ಹೆಲಿಕಾಪ್ಟರ್ ಸೋತಿದ್ದೇ. 1986ರಲ್ಲಿ ಬ್ರಿಟನ್ನಿನ ಲಿಂಕ್ಸ್ ಗಂಟೆಗೆ 400 ಕಿಲೋಮೀಟರ್ ಮುಟ್ಟಿ ದಾಖಲೆ ಮಾಡಿತು, ಮಾಮೂಲಿ ಪ್ಯಾಸೆಂಜರ್ ಜೆಟ್ ದಿನಾ 800ರ ಮೇಲೆ ಹೋಗುತ್ತೆ. ಮೇಲೆ ಹೇಳಿದ ಎರಡು ಪಕ್ಕದ ಲೆಕ್ಕವೇ ಇದಕ್ಕೆ ಕಾರಣ, ಒಂದು ಕಡೆ ತುದಿ ಶಬ್ದದ ವೇಗದ ಹತ್ರ ಹೋಗುತ್ತೆ, ಇನ್ನೊಂದು ಕಡೆ ಎತ್ತೋಕೆ ಗಾಳಿಯೇ ಸಾಲಲ್ಲ. ಕೀಲು ಹಾಕಿದ್ರೂ ಒಂದು ಮಿತಿವರೆಗೇ.

ಇಂಜಿನ್ ನಿಂತ್ರೆ ಹೆಲಿಕಾಪ್ಟರ್ ಕಲ್ಲಿನ ಥರ ಬೀಳುತ್ತೆ ಅಂತ ಎಷ್ಟೋ ಜನ ಹೇಳೋದು ಕೇಳಿದ್ದೀನಿ, ತಪ್ಪು. ಮಹಾಗನಿ ಮರದ ಬೀಜ ಗಿರಗಿರ ತಿರುಗ್ತಾ ಇಳಿಯೋದು ನೋಡಿದ್ದೀರಲ್ಲ, ಹಾಗೆ. ಪೈಲಟ್ ತಕ್ಷಣ ಎಡಗೈ ಲಿವರ್ ಕೆಳಗೆ ತಳ್ಳಿದ್ರೆ ಕೆಳಗಿಂದ ಬರೋ ಗಾಳಿಗೆ ರೋಟರ್ ಸುತ್ತುತ್ತಲೇ ಇರುತ್ತೆ, ನೆಲ ಹತ್ರ ಬಂದಾಗ ಲಿವರ್ ಎಳೆದು ಆ ಸುತ್ತಿನ ಜೋರೆಲ್ಲ ಖರ್ಚು ಮಾಡಿ ಮೆಲ್ಲಗೆ ಇಳಿಸಬೇಕು. ಸಿಯೆರ್ವನ ಆಟೋಜೈರೋ ವಿದ್ಯೆಯೇ ಇದು. ವಿಮಾನವೂ ತೇಲುತ್ತೆ, ಇನ್ನೂ ಚೆನ್ನಾಗೇ ತೇಲುತ್ತೆ. 1983ರಲ್ಲಿ ಕೆನಡಾದಲ್ಲಿ ಪೌಂಡು-ಕಿಲೋ ಲೆಕ್ಕ ತಪ್ಪಿ 41,000 ಅಡೀಲಿ ಬೋಯಿಂಗ್ 767ಗೆ ಫ್ಯುಯಲ್ ಖಾಲಿ ಆಗಿ, ಗಿಮ್ಲಿ ಅನ್ನೋ ಊರಿನ ಹಳೇ ರನ್‌ವೇ ಮೇಲೆ ಇಳಿಸಿದ್ರು, ಎಲ್ಲರೂ ಬದುಕಿದ್ರು. ಆದ್ರೆ ಇಳಿಯೋಕೆ ಅದಕ್ಕೆ ರನ್‌ವೇ ಬೇಕು, ಹೆಲಿಕಾಪ್ಟರಿಗೆ ಒಂದು ಗದ್ದೆ ಸಿಕ್ಕಿದ್ರೂ ಆಯ್ತು.

ಹೀಗಾಗಿ ಕೆಲಸಾನೂ ಬೇರೆ ಬೇರೆ ಆಯ್ತು. 1944ರ ಏಪ್ರಿಲಲ್ಲಿ ಬರ್ಮಾ ಕಾಡಲ್ಲಿ, ಜಪಾನಿನವರ ಲೈನಿನ ಹಿಂದೆ ಒಂದು ಚಿಕ್ಕ ವಿಮಾನ ಕೆಳಗಿಳಿದು ಪೈಲಟ್ಟೂ ಮೂವರು ಗಾಯಾಳು ಬ್ರಿಟಿಷ್ ಸೈನಿಕರೂ ಸಿಕ್ಕಿಹಾಕಿಕೊಂಡಿದ್ರು. ಅಮೆರಿಕದ ಕಾರ್ಟರ್ ಹಾರ್ಮನ್ ಸಿಕೋರ್ಸ್ಕಿ ಹೆಲಿಕಾಪ್ಟರಲ್ಲಿ ಹೋದ. ಅದಕ್ಕೆ ಆ ಸೆಕೆಯಲ್ಲಿ ಒಬ್ಬರನ್ನ ಬಿಟ್ರೆ ಎತ್ತೋ ಶಕ್ತಿ ಇಲ್ಲ, ಒಬ್ಬೊಬ್ಬರನ್ನೇ ನದಿ ಮರಳಿನ ದಿಣ್ಣೆಗೆ ತಂದು ಬಿಡೋದು, ಅಲ್ಲಿಂದ ವಿಮಾನ ಕರ್ಕೊಂಡು ಹೋಗೋದು, ಹೀಗೆ ನಾಲ್ಕೂ ಜನರನ್ನ ಹೊರಗೆ ತಂದ್ರು. ಯುದ್ಧದಲ್ಲಿ ಹೆಲಿಕಾಪ್ಟರ್ ಮಾಡಿದ ಮೊದಲ ರೆಸ್ಕ್ಯೂ ಅಂತ ಇದನ್ನೇ ಹೇಳೋದು.

ನಮ್ಮ ಎಚ್‌ಎಎಲ್ 1960ರ ದಶಕದಲ್ಲಿ ಫ್ರೆಂಚ್ ಲೈಸೆನ್ಸಲ್ಲಿ ಚೇತಕ್ ಶುರು ಮಾಡಿತು, ಸ್ವಂತದ್ದು ಧ್ರುವ್ ಹಾರಿದ್ದು 1992ರ ಆಗಸ್ಟ್ 20ಕ್ಕೆ, 2023ರ ಫೆಬ್ರವರಿಯಲ್ಲಿ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಲ್ಲಿ ಬೇರೆ ಹೆಲಿಕಾಪ್ಟರ್ ಫ್ಯಾಕ್ಟರಿಯೇ ಬಂತು. ಆದ್ರೆ ನನಗೆ ಇಷ್ಟ ಚೀತಾ. ನಮ್ಮ ಸೇನೆಗೆ ಹಿಮಾಲಯದ ತೆಳು ಗಾಳೀಲಿ ಹಾರೋದು ಬೇಕು ಅಂತ ಕೇಳಿದ್ದಕ್ಕೇ ಫ್ರೆಂಚರು ಒಂದು ಹೆಲಿಕಾಪ್ಟರಿನ ಹಗುರ ಬಾಡಿಗೆ ಇನ್ನೊಂದರ ದೊಡ್ಡ ಇಂಜಿನ್ನು ರೋಟರು ಕೂರಿಸಿ 1969ರಲ್ಲಿ ಲಾಮಾ ಮಾಡಿದ್ರು, ಬೆಂಗಳೂರಲ್ಲಿ ತಯಾರಾದಾಗ ಅದರ ಹೆಸರು ಚೀತಾ. 1972ರ ಜೂನ್ 21ಕ್ಕೆ ಜಾನ್ ಬುಲೆ ಅನ್ನೋ ಪೈಲಟ್ ಲಾಮಾನ 12,442 ಮೀಟರ್ ಎತ್ತರಕ್ಕೆ ಒಯ್ದ, ಅಲ್ಲಿ ಚಳಿಗೆ ಇಂಜಿನ್ ಆರಿಹೋಗಿ ಮತ್ತೆ ಹತ್ತಲೇ ಇಲ್ಲ, ಅಷ್ಟೆತ್ತರದಿಂದ ಮಹಾಗನಿ ಬೀಜದ ಥರ ಸುತ್ತುತ್ತಾ ನೆಲಕ್ಕೆ ಇಳಿದು ಬಂದ.

ಸಿಯಾಚಿನ್‌ನಲ್ಲಿ 1984ರಿಂದ ನಡೀತಿರೋದೂ ಬರ್ಮಾದ ಲೆಕ್ಕಾಚಾರವೇ. ರನ್‌ವೇ ಇರೋ ತನಕ ದೊಡ್ಡ ವಿಮಾನಗಳು ಸಾಮಾನು, ಜನ ಎಲ್ಲ ತಂದು ಹಾಕ್ತವೆ, ಅಲ್ಲಿಂದ ಮೇಲಕ್ಕೆ ಹೆಲಿಕಾಪ್ಟರು, ಅದರಲ್ಲೂ ತುತ್ತತುದಿಯ ಪೋಸ್ಟುಗಳಿಗೆ ಚೀತಾ. ಆ ಎತ್ತರದಲ್ಲಿ ಅದು ಹೊರೋದು ಒಂದೆರಡು ಜೆರ್ರಿಕ್ಯಾನು ಸೀಮೆಎಣ್ಣೆಯಷ್ಟೇ ಇರಬಹುದು. ಇಂಜಿನ್ ಆಫ್ ಮಾಡಿದ್ರೆ ಮತ್ತೆ ಹತ್ತುತ್ತೋ ಇಲ್ವೋ ಗ್ಯಾರಂಟಿ ಇಲ್ಲ, ಅದಕ್ಕೆ ತಲೆ ಮೇಲೆ ರೋಟರ್ ತಿರುಗ್ತಿರೋವಾಗಲೇ ಹುಡುಗರು ಬಗ್ಗಿಕೊಂಡು ಓಡಿ ಬಂದು ಕ್ಯಾನು, ಕಾಗದ-ಪತ್ರದ ಚೀಲ ಇಳಿಸಿಕೊಂಡು, ಕಾಯಿಲೆ ಬಿದ್ದೋನು ಯಾರಾದ್ರೂ ಇದ್ರೆ ಒಳಗೆ ಹತ್ತಿಸಿ ಕಳಿಸ್ತಾರೆ.