ಕಡಿಮೆ ಮೆಮೊರಿಯ ಯಂತ್ರದಲ್ಲಿ ರೇಡ್ ರೀಬಿಲ್ಡ್

ನಾಲ್ಕು ಡಿಸ್ಕ್‌ಗಳ ರೇಡ್-5ರಲ್ಲಿ (ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವಂತೆ ಹಲವು ಡಿಸ್ಕ್‌ಗಳನ್ನು ಒಂದಾಗಿಸುವ ವ್ಯವಸ್ಥೆ) ಒಂದು ಕೈಕೊಟ್ಟು, ಹೊಸ ಡಿಸ್ಕ್ ಸೇರಿಸಿ ರೀಬಿಲ್ಡ್ (ಕೆಟ್ಟ ಡಿಸ್ಕ್‌ನ ಡೇಟಾವನ್ನು ಹೊಸದರಲ್ಲಿ ಮರಳಿ ಕಟ್ಟುವ ಕೆಲಸ) ಆರಂಭಿಸಿದ ಸ್ವಲ್ಪ ಹೊತ್ತಿಗೇ ಯಂತ್ರ ಹ್ಯಾಂಗ್ ಆದರೆ, ಹೆಚ್ಚಿನವರು ಉಳಿದ ಡಿಸ್ಕ್‌ಗಳನ್ನೇ ಶಂಕಿಸುತ್ತಾರೆ. ಯಂತ್ರದಲ್ಲಿರುವುದು 512 ಎಂಬಿ ರ‍್ಯಾಮ್ ಎಂದಾದರೆ ನಾನು ಮೊದಲು ಹುಡುಕುವುದು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನ ಲಾಗ್‌ನಲ್ಲಿ ‘ಔಟ್ ಆಫ್ ಮೆಮೊರಿ’ (ಮೆಮೊರಿ ಸಾಲದು) ಎಂಬ ಸಾಲನ್ನು.

ಲಿನಕ್ಸ್ ಕರ್ನಲ್‌ನೊಳಗಿನ ಸಾಫ್ಟ್‌ವೇರ್ ರೇಡ್ ಆದ ಎಂಡಿಗೆ ರೀಬಿಲ್ಡ್ ಮಾಡಲು ಹೆಚ್ಚು ಮೆಮೊರಿ ಬೇಕಿಲ್ಲ. ಮೂರು ಡಿಸ್ಕ್‌ಗಳಿಂದ ಓದಿ, ಲೆಕ್ಕ ಹಾಕಿ, ನಾಲ್ಕನೆಯದಕ್ಕೆ ಬರೆಯುವುದಷ್ಟೇ ಅದರ ಕೆಲಸ. ಇದಕ್ಕೆ ಬಳಕೆಯಾಗುವ ಸ್ಟ್ರೈಪ್ ಕ್ಯಾಶ್‌ನ (ಲೆಕ್ಕದ ವೇಳೆ ಡೇಟಾ ಇಟ್ಟುಕೊಳ್ಳುವ ಮೆಮೊರಿಯ) ಮೂಲ ಮೌಲ್ಯ 256 ನಮೂದುಗಳು. ಪ್ರತಿ ನಮೂದಿಗೂ ಒಂದೊಂದು ಡಿಸ್ಕ್‌ಗೆ 4 ಕೆಬಿಯಂತೆ ನಾಲ್ಕಕ್ಕೆ ಸುಮಾರು 4 ಎಂಬಿ. ಆದರೆ ವೇಗ ಹೆಚ್ಚಲೆಂದು ಯಾರೋ ಬೂಟ್ ಸ್ಕ್ರಿಪ್ಟ್‌ನಲ್ಲಿ 8192 ಎಂದು ಬರೆದಿಟ್ಟಿದ್ದರೆ (ಬರೆದವರು ಸಾಮಾನ್ಯವಾಗಿ ಅಷ್ಟರಲ್ಲಿ ಬೇರೆ ಕೆಲಸಕ್ಕೆ ಸೇರಿರುತ್ತಾರೆ) ಅದೇ ಲೆಕ್ಕ 128 ಎಂಬಿಗೆ ಏರುತ್ತದೆ, ಮತ್ತು ಕರ್ನಲ್ ಹಿಡಿದಿಟ್ಟ ಈ ಜಾಗವನ್ನು ಸ್ವಾಪ್‌ಗೆ (ಮೆಮೊರಿ ತುಂಬಿದಾಗ ಬಳಸುವ ಡಿಸ್ಕ್ ಜಾಗಕ್ಕೆ) ತಳ್ಳಲು ಬರುವುದಿಲ್ಲ. ಅದನ್ನು 256ಕ್ಕೆ ಇಳಿಸಿ, ಫೈಲ್ ಶೇರಿಂಗ್ ಮತ್ತು ಇಂಡೆಕ್ಸಿಂಗ್ ಸೇವೆಗಳನ್ನು ನಿಲ್ಲಿಸಬೇಕು. ಸ್ವಾಪ್ ಕೂಡ ಅದೇ ಡಿಸ್ಕ್‌ಗಳ ಮೇಲಿದ್ದರೆ ಬೇರೊಂದು ಡಿಸ್ಕ್‌ಗೆ ಸ್ಥಳಾಂತರಿಸಬೇಕು.

ಇಷ್ಟು ಎಚ್ಚರ ಏಕೆಂದರೆ, ಹ್ಯಾಂಗ್ ಆದ ಯಂತ್ರದ ಪವರ್ ಬಟನ್ ಒತ್ತುವುದರಲ್ಲೇ ನಿಜವಾದ ಅಪಾಯವಿದೆ. ಬರೆಯುವಿಕೆ ಅರ್ಧಕ್ಕೇ ನಿಂತಾಗ ಪ್ಯಾರಿಟಿಗೂ (ಕಳೆದ ಡೇಟಾವನ್ನು ಲೆಕ್ಕ ಹಾಕಿ ಪಡೆಯಲು ಬರೆದಿಟ್ಟ ಹೆಚ್ಚುವರಿ ಮಾಹಿತಿ) ಡೇಟಾಗೂ ಹೊಂದಾಣಿಕೆ ತಪ್ಪಿರಬಹುದು. ಒಂದು ಡಿಸ್ಕ್ ಈಗಾಗಲೇ ಇಲ್ಲದ ಅರೇಯಲ್ಲಿ (ರೇಡ್‌ನ ಡಿಸ್ಕ್‌ಗಳ ಗುಂಪಿನಲ್ಲಿ) ಅದನ್ನು ಸರಿಪಡಿಸಲು ದಾರಿಯಿಲ್ಲ. ಹಾಗಾಗಿ ಮುಂದಿನ ಬೂಟ್‌ನಲ್ಲಿ ಕರ್ನಲ್ ಇಂಥ ‘ಡರ್ಟಿ ಡಿಗ್ರೇಡೆಡ್’ ಅರೇಯನ್ನು ಆರಂಭಿಸಲು ನಿರಾಕರಿಸುತ್ತದೆ. ಆಗ ಪ್ರತಿ ಡಿಸ್ಕ್‌ನಲ್ಲಿ ಅರೇಯ ವಿವರ ಬರೆದಿಟ್ಟ ಭಾಗವಾದ ಸೂಪರ್‌ಬ್ಲಾಕ್‌ನಲ್ಲಿರುವ ಈವೆಂಟ್ ಸಂಖ್ಯೆಗಳನ್ನು (ಅರೇಯ ಸ್ಥಿತಿ ಬದಲಾದಂತೆ ಏರುವ ಎಣಿಕೆ) ಹೋಲಿಸಿ, ಅವು ಒಂದೇ ಅಥವಾ ತೀರಾ ಹತ್ತಿರವಾಗಿದ್ದರೆ ಮಾತ್ರ ಅರೇಯನ್ನು ಜೋಡಿಸುವ ‘ಅಸೆಂಬಲ್’ ಆಜ್ಞೆಗೆ ‘ಫೋರ್ಸ್’ ಸೇರಿಸಬೇಕು. ಅರೇಯನ್ನು ಹೊಸದಾಗಿ ರಚಿಸುವ ‘ಕ್ರಿಯೇಟ್’ ಆಜ್ಞೆಯ ತಂಟೆಗೆ ಹೋಗಬಾರದು. ಡಿಸ್ಕ್‌ಗಳ ಕ್ರಮವೋ ಚಂಕ್ ಗಾತ್ರವೋ (ಒಂದು ಡಿಸ್ಕ್‌ಗೆ ಒಮ್ಮೆಗೆ ಬರೆಯುವ ತುಂಡಿನ ಅಳತೆ) ತಪ್ಪಿದರೆ, ಅದರ ಹಿಂದೆಯೇ ಆರಂಭವಾಗುವ ರೀಬಿಲ್ಡ್ ಇದ್ದ ಡೇಟಾವನ್ನೂ ಅಳಿಸಿಬಿಡುತ್ತದೆ.

ಉಳಿದ ಡಿಸ್ಕ್‌ಗಳ ಸ್ಮಾರ್ಟ್ ವರದಿಯಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಮಾಹಿತಿ) ‘ಪೆಂಡಿಂಗ್ ಸೆಕ್ಟರ್’ (ಸರಿಯಾಗಿ ಓದಲಾಗದ ಭಾಗಗಳ ಎಣಿಕೆ) ಸೊನ್ನೆಗಿಂತ ಹೆಚ್ಚಿದ್ದರೆ, ರೀಬಿಲ್ಡ್‌ಗೆ ಮೊದಲೇ ಆ ಡಿಸ್ಕನ್ನು ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬಳಸಿ ಹೊಸದಕ್ಕೆ ನಕಲು ಮಾಡುವುದು ಕ್ಷೇಮ.

ರೀಬಿಲ್ಡ್ ತೀರಾ ನಿಧಾನವಾದರೆ ಕನಿಷ್ಠ ವೇಗದ ಮಿತಿಯನ್ನೂ ನೋಡಬೇಕು. ಮೂಲತಃ ಅದು ಸೆಕೆಂಡಿಗೆ 1000 ಕೆಬಿ. ಇತರ ಬಳಕೆಯ ಒತ್ತಡದಲ್ಲಿ ವೇಗ ಅಲ್ಲಿಗೇ ಇಳಿದರೆ 2 ಟಿಬಿ ಡಿಸ್ಕ್‌ಗೆ 23 ದಿನ ಬೇಕು.

ಮೆಮೊರಿಯನ್ನು ನಿಜವಾಗಿ ನುಂಗುವುದು ಫೈಲ್‌ಸಿಸ್ಟಂ (ಕಡತಗಳನ್ನು ಡಿಸ್ಕ್‌ನಲ್ಲಿ ಜೋಡಿಸಿಡುವ ವ್ಯವಸ್ಥೆ) ತಪಾಸಣೆ. ರೀಬಿಲ್ಡ್ ನಡೆಯುತ್ತಿರುವಾಗ ಅದನ್ನು ಓಡಿಸಲೇಬಾರದು. ನಂತರವೂ ಇಎಕ್ಸ್‌ಟಿ4 ಫೈಲ್‌ಸಿಸ್ಟಂನ ತಪಾಸಣೆಗೆ ಮೆಮೊರಿ ಸಾಲದಿದ್ದರೆ, ಅದರ ಸಂರಚನಾ ಕಡತದಲ್ಲಿ ‘ಸ್ಕ್ರ್ಯಾಚ್ ಫೈಲ್ಸ್’ ಎಂಬ ವಿಭಾಗ ಸೇರಿಸಿ, ಅರೇಯ ಹೊರಗಿನ ಡಿಸ್ಕ್‌ನ ಫೋಲ್ಡರ್ ಒಂದನ್ನು ತಾತ್ಕಾಲಿಕ ಜಾಗವಾಗಿ ತೋರಿಸಬಹುದು. ಕೆಲಸ ಬಹಳ ನಿಧಾನವಾಗುತ್ತದೆ, ಆದರೆ ಮುಗಿಯುತ್ತದೆ. ನನ್ನ ಮಟ್ಟಿಗೆ, ನಾಲ್ಕೂ ಡಿಸ್ಕ್‌ಗಳನ್ನು ಬಿಚ್ಚಿ 8 ಜಿಬಿ ರ‍್ಯಾಮ್ ಇರುವ ಯಾವುದಾದರೂ ಲಿನಕ್ಸ್ ಡೆಸ್ಕ್‌ಟಾಪ್‌ಗೆ ಹಾಕುವುದೇ ಲೇಸು. ಯಾವ ಡಿಸ್ಕ್ ಎಷ್ಟನೆಯದೆಂಬ ವಿವರ ಆಯಾ ಡಿಸ್ಕ್‌ನಲ್ಲೇ ಬರೆದಿರುವುದರಿಂದ, ಕೇಬಲ್‌ಗಳನ್ನು ಯಾವ ಪೋರ್ಟ್‌ಗೆ ಚುಚ್ಚಿದರೂ ಅರೇ ಸರಿಯಾಗಿಯೇ ಜೋಡಣೆಯಾಗುತ್ತದೆ.